ಡಾಕ್ಟರು, ದೋಣಿ ಮತ್ತು ಒಂದು ಮರದ ದಿಮ್ಮಿ

ವೈಟ್‌ವಾಟರ್ ಕಯಾಕಿಂಗ್ ವಿಡಿಯೋಗಳನ್ನ ನಾವೆಲ್ಲ ಫೋನಲ್ಲಿ ನೋಡಿರ್ತೀವಿ. ಬಂಡೆಗಳ ಸಂದಿಯಲ್ಲಿ ನೊರೆ ಉಕ್ಕಿಸುತ್ತಾ ಧುಮುಕುವ ನೀರು, ಅದರಲ್ಲಿ ಒಬ್ಬರೇ ಕೂರುವ ಪುಟ್ಟ ದೋಣಿ. ಈ ಸಾಹಸದ ಚರಿತ್ರೆಯಲ್ಲಿ ತಪ್ಪದೆ ಬರುವ ಹೆಸರು ಡಾ. ವಾಲ್ಟ್ ಬ್ಲ್ಯಾಕಡಾರ್.

1922ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ವಾಲ್ಟ್, ವೈದ್ಯಕೀಯ ಓದಿ 1949ರಲ್ಲಿ ಐಡಾಹೊ ರಾಜ್ಯದ ಸಾಮನ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದರು. ಊರಿನ ಮಗ್ಗುಲಲ್ಲೇ ಸಾಮನ್ ನದಿ. ಆದರೂ ಕಯಾಕ್ ಹತ್ತಿದ್ದು ನಲವತ್ತು ದಾಟಿದ ಮೇಲೆ! ಹುಟ್ಟು ಹಾಕುವುದರಲ್ಲಿ ಅಂಥ ನಾಜೂಕೇನೂ ಇರಲಿಲ್ಲ. ಆದರೆ ಅವರ 'ರೋಲ್' ಮಾತ್ರ ಗಟ್ಟಿ. ರೋಲ್ ಅಂದ್ರೆ ದೋಣಿ ತಲೆಕೆಳಗಾದಾಗ ಹೊರಗೆ ಬರದೆ, ನೀರಿನೊಳಗಿಂದಲೇ ಸೊಂಟ ತಿರುಗಿಸಿ, ಹುಟ್ಟಿನ ಆಸರೆಯಲ್ಲಿ ಮತ್ತೆ ಮೇಲೇಳೋದು.

1971ರ ಆಗಸ್ಟ್‌ನಲ್ಲಿ, 49ನೇ ವಯಸ್ಸಿನಲ್ಲಿ, ಅವರು ಒಬ್ಬರೇ ಅಲ್ಸೆಕ್ ನದಿಗೆ ಇಳಿದರು. ಕೆನಡಾದಿಂದ ಅಲಾಸ್ಕಾ ಕಡೆಗೆ ಹರಿಯುವ ಈ ನದಿಯನ್ನ ಟರ್ನ್‌ಬ್ಯಾಕ್ ಕಮರಿಯಲ್ಲಿ ಒಂದು ಕಡೆಯಿಂದ ಟ್ವೀಡ್ಸ್‌ಮ್ಯೂರ್ ಹಿಮನದಿ ಒತ್ತಿ ಹಿಡಿದಿದೆ. ದೊಡ್ಡ ನದಿ ಇಕ್ಕಟ್ಟಿನಲ್ಲಿ ನುಗ್ಗುತ್ತದೆ, ನೀರು ಮಂಜುಗಡ್ಡೆಯಷ್ಟು ತಣ್ಣಗೆ. ಅಲ್ಲಿವರೆಗೆ ಯಾರೂ ಅದನ್ನ ದೋಣಿಯಲ್ಲಿ ದಾಟಿರಲಿಲ್ಲ. ವಾಲ್ಟ್ ಮತ್ತೆ ಮತ್ತೆ ಮಗುಚಿದರು, ಮತ್ತೆ ಮತ್ತೆ ಎದ್ದರು. ದಾಟಿದ ಮೇಲೆ ಮಾತ್ರ, ಇನ್ನೆಂದೂ ಇಲ್ಲಿಗೆ ಬರಲ್ಲ ಅಂತ ಡೈರಿಯಲ್ಲಿ ಬರೆದುಕೊಂಡರು. 1972ರಲ್ಲಿ ಆ ಬರಹ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆಯಲ್ಲಿ ಬಂತು, ಡಾಕ್ಟರು ದಿಢೀರ್ ಪ್ರಸಿದ್ಧರಾದರು.

ಆದರೆ ನದಿಗೆ ಹೆಸರು ಗೊತ್ತಾಗಲ್ಲ ನೋಡಿ. 1974ರಲ್ಲಿ ಐಡಾಹೊದ ಬ್ರೂನೋ ನದಿಯಲ್ಲಿ ಅವರ ತಂಡದ ಜೊತೆಗಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆ ಸಾವು ಅವರನ್ನ ಬಹಳ ಕಲಕಿತು.

1978ರ ಮೇ ತಿಂಗಳು. ಐಡಾಹೊದ್ದೇ ಸೌತ್ ಫೋರ್ಕ್ ಪೇಯೆಟ್ ನದಿ. ಅಲ್ಸೆಕ್ ಮುಂದೆ ಇದು ಚಿಕ್ಕದು, ಜೊತೆಗೆ ಗೆಳೆಯರೂ ಇದ್ದರು. ನೀರಿಗೆ ಅಡ್ಡ ಬಿದ್ದ ಒಂದು ಮರದ ದಿಮ್ಮಿಗೆ ದೋಣಿ ಸಿಕ್ಕಿಕೊಂಡಿತು. ವಾಲ್ಟ್ ಮೇಲೇಳಲಿಲ್ಲ. ಆಗ ಅವರಿಗೆ 55 ವರ್ಷ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ನಮಗೆ ಇದು ಅರ್ಥವಾಗಬೇಕು. ಬಂಡೆಗೆ ಬಡಿದ ನೀರು ವಾಪಸ್ ಪುಟಿದು ಪಕ್ಕಕ್ಕೆ ತಿರುಗುತ್ತದೆ, ಎಷ್ಟೋ ಸಲ ದೋಣಿಯನ್ನೂ ಪಕ್ಕಕ್ಕೆ ತಳ್ಳುತ್ತದೆ. ಮರ ಹಾಗಲ್ಲ, ಚಹಾ ಸೋಸುವ ಜರಡಿ ಥರ. ನೀರು ಕೆಳಗಿಂದ, ಕೊಂಬೆಗಳ ಸಂದಿಯಿಂದ ಹೋಗ್ತಾನೇ ಇರುತ್ತೆ, ಮನುಷ್ಯ ಮಾತ್ರ ಉಳೀತಾನೆ. ಕಯಾಕ್ ಮಂದಿ ಇದನ್ನ 'ಸ್ಟ್ರೇನರ್' ಅಂತಾನೇ ಕರೆಯೋದು. ಹರಿವಿನ ವೇಗ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟು. ರೋಲ್ ಮಾಡಬೇಕಂದ್ರೆ ದೋಣಿಗೆ ತಿರುಗೋ ಜಾಗ ಬೇಕು. ದಿಮ್ಮಿಗೆ ಒತ್ತಿ ಹಿಡಿದ ದೋಣಿಗೆ ಆ ಜಾಗ ಎಲ್ಲಿದೆ? ಅಲ್ಸೆಕ್‌ನಲ್ಲಿ ಜೀವ ಉಳಿಸಿದ ವಿದ್ಯೆಗೆ ಇಲ್ಲಿ ಕೆಲಸವೇ ಇರಲಿಲ್ಲ.

ಕಡಿದಾದ ಕಿರು ತೊರೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಡ್ಡಲಾಗಿ ಒಂದೇ ಮರ ಬಿದ್ದರೂ ಇಡೀ ದಾರಿ ಬಂದ್, ಅದೂ ತಿರುವಿನ ಆಚೆ ಇದ್ದರೆ ಕಾಣೋದೇ ಇಲ್ಲ. ಅದಕ್ಕೇ ಅನುಭವಿಗಳು ಮುಂದಿನ ದಾರಿ ಕಾಣದಿದ್ದಾಗ ದಡಕ್ಕೆ ಬಂದು, ಇಳಿದು, ನಡೆದು ನೋಡುತ್ತಾರೆ. ಮರ ಅಡ್ಡ ಇದ್ದರೆ ದೋಣಿಯನ್ನ ಹೆಗಲಿಗೇರಿಸಿ ದಡದ ಮೇಲೇ ದಾಟಿಸುತ್ತಾರೆ. ಹಾಗೆ ಹೊತ್ತು ನಡೆಯೋರನ್ನ ಆ ಬಳಗದಲ್ಲಿ ಯಾರೂ ಪುಕ್ಕಲು ಅನ್ನಲ್ಲ.