ಕಿವಿಮಾತನ್ನು ಪುಸ್ತಕವಾಗಿಸಿದ ವೈದ್ಯೆ ಅನುಪಮಾ ನಿರಂಜನ

ಯಾವ ಕಾಯಿಲೆಯ ಹೆಸರನ್ನು ಕೇಳಿದರೂ ಅಂಗೈಯಲ್ಲಿನ ಮೊಬೈಲ್ ಕ್ಷಣಾರ್ಧದಲ್ಲಿ ನೂರು ಉತ್ತರಗಳನ್ನು ಮುಂದಿಡುವ ಕಾಲವಿದು. ಮನೆಮದ್ದಿನ ಮಹಿಮೆಯಿಂದ ಹಿಡಿದು ಶಸ್ತ್ರಚಿಕಿತ್ಸೆಯ ವಿಡಿಯೋವರೆಗೆ ಎಲ್ಲವೂ ಅಲ್ಲಿ ಲಭ್ಯ. ಇವುಗಳಲ್ಲಿ ಯಾವುದನ್ನು ನಂಬಬೇಕು ಎಂಬುದೇ ಇಂದಿನ ಓದುಗನ ಸಂಕಟ. ಆದರೆ ಏಳು ದಶಕಗಳ ಹಿಂದೆ ಕನ್ನಡ ನಾಡಿನ ಹೆಣ್ಣುಮಗಳ ಸಂಕಟ ಬೇರೆಯದೇ ಆಗಿತ್ತು. ತನ್ನ ಮೈಯೊಳಗೆ ಏನು ನಡೆಯುತ್ತಿದೆ ಎಂದು ಯಾರನ್ನು ಕೇಳುವುದು ಎಂಬುದೇ ಆಕೆಗೆ ತಿಳಿದಿರಲಿಲ್ಲ. ಆ ಮೌನವನ್ನು ಮುರಿದವರಲ್ಲಿ ಅಗ್ರಗಣ್ಯರು ಡಾ. ಅನುಪಮಾ ನಿರಂಜನ.

ತೀರ್ಥಹಳ್ಳಿಯಿಂದ ಮೈಸೂರಿಗೆ

1934ರ ಮೇ 17ರಂದು ಮಲೆನಾಡಿನ ತೀರ್ಥಹಳ್ಳಿಯಲ್ಲಿ ಜನಿಸಿದ ಅವರ ಹುಟ್ಟುಹೆಸರು ವೆಂಕಟಲಕ್ಷ್ಮಿ. 1951ರ ಜನಗಣತಿಯ ಪ್ರಕಾರ ದೇಶದ ಮಹಿಳೆಯರಲ್ಲಿ ಅಕ್ಷರಸ್ಥರಾಗಿದ್ದವರು ಶೇ 9ಕ್ಕಿಂತ ಕಡಿಮೆ. ಹೆಣ್ಣುಮಕ್ಕಳಿಗೆ ಶಾಲೆಯ ಮೆಟ್ಟಿಲೇ ದುರ್ಲಭವಾಗಿದ್ದ ಅಂತಹ ದಿನಗಳಲ್ಲಿ ಅವರು ಮೈಸೂರು ವೈದ್ಯಕೀಯ ಕಾಲೇಜು ಸೇರಿ ಎಂ.ಬಿ.ಬಿ.ಎಸ್. ಪದವಿ ಪಡೆದರು. 1956ರಲ್ಲಿ, ಕಯ್ಯೂರಿನ ರೈತ ಹೋರಾಟವನ್ನು ಆಧರಿಸಿದ 'ಚಿರಸ್ಮರಣೆ' ಕಾದಂಬರಿಯ ಕರ್ತೃ ನಿರಂಜನರನ್ನು ವಿವಾಹವಾದರು. ಮುಂದೆ ಧಾರವಾಡ ಹಾಗೂ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು.

ಬಸಿರು, ಹೆರಿಗೆ, ಬಾಣಂತನಗಳ ಜ್ಞಾನವೆಲ್ಲ ಆಗ ಅಜ್ಜಿ, ಅತ್ತೆ, ಸೂಲಗಿತ್ತಿಯರ ಬಾಯಿಂದ ಬಂದದ್ದು. ಅದರಲ್ಲಿ ಅನುಭವದ ಸಾರವೂ ಇತ್ತು, ಅಪಾಯಕಾರಿ ನಂಬಿಕೆಯೂ ಇತ್ತು. ಎರಡನ್ನೂ ಬೇರ್ಪಡಿಸಿ ನೋಡುವ ಸಾಧನ ಮಾತ್ರ ಗೃಹಿಣಿಯ ಕೈಯಲ್ಲಿರಲಿಲ್ಲ. ವೈದ್ಯಶಾಸ್ತ್ರ ಇಂಗ್ಲಿಷಿನಲ್ಲಿತ್ತು. ರೋಗಿಯ ಬದುಕು ಕನ್ನಡದಲ್ಲಿತ್ತು. ಚಿಕಿತ್ಸಾಲಯಕ್ಕೆ ಬಂದ ಕೆಲವರಿಗೆ ಔಷಧಿ ಬರೆದುಕೊಟ್ಟರೆ ಈ ಕಂದಕ ಮುಚ್ಚುವಂತಿರಲಿಲ್ಲ.

ತಿಳಿವಳಿಕೆಯೇ ಚಿಕಿತ್ಸೆ

ಅನುಪಮಾ ಲೇಖನಿಯನ್ನೂ ವೃತ್ತಿಯ ಉಪಕರಣವಾಗಿಸಿಕೊಂಡರು. 'ತಾಯಿ-ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಮೊದಲಾದ ಕೃತಿಗಳು ಒಂದರ ಹಿಂದೆ ಒಂದರಂತೆ ಹೊರಬಂದವು. ಮುಟ್ಟು, ಗರ್ಭಧಾರಣೆ, ದಾಂಪತ್ಯ, ಶಿಶುಪಾಲನೆಗಳು ಅಡುಗೆಮನೆಯಲ್ಲೂ ತಗ್ಗಿದ ದನಿಯಲ್ಲಿ ಪ್ರಸ್ತಾಪವಾಗುತ್ತಿದ್ದ ಕಾಲವದು. ಅಂತಹ ಸಂಗತಿಗಳನ್ನು ಮಹಿಳೆಯೊಬ್ಬರು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸುವುದು ಸಣ್ಣ ಧೈರ್ಯವಲ್ಲ. ಮದುವೆಯ ಮುನ್ನಾದಿನ ಹಿರಿಯರು ಹೇಳಲು ನಾಚುತ್ತಿದ್ದ ವಿಷಯಗಳು ಈ ಪುಸ್ತಕಗಳ ಮೂಲಕ ಮನೆಯೊಳಗೆ ಬಂದವು.

ಆರೋಗ್ಯ ಸಾಕ್ಷರತೆ ಎಂಬ ಪರಿಕಲ್ಪನೆಗೆ ಜಗತ್ತಿನ ವಿದ್ವತ್ ವಲಯದಲ್ಲಿ ಹೆಸರು ದೊರೆತದ್ದು 1970ರ ದಶಕದಲ್ಲಿ. 1978ರ ಆಲ್ಮಾ ಆಟಾ ಘೋಷಣೆ ಪ್ರಾಥಮಿಕ ಆರೋಗ್ಯ ಸೇವೆಯ ಅಂಶಗಳನ್ನು ಪಟ್ಟಿ ಮಾಡುವಾಗ ಆರೋಗ್ಯ ಶಿಕ್ಷಣವನ್ನೇ ಮೊದಲು ಹೆಸರಿಸಿತು. ಅನುಪಮಾ ಕನ್ನಡದಲ್ಲಿ ಕೈಗೊಂಡದ್ದು ಇದೇ ಕಾಯಕವನ್ನು.

ಕಥೆಯೊಳಗಿನ ವೈದ್ಯೆ

ಅವರ ಸೃಜನಶೀಲ ಕೃತಿಗಳೂ ಈ ಕಾಳಜಿಯಿಂದ ದೂರ ಸರಿಯಲಿಲ್ಲ. 'ಮಾಧವಿ' ಕಾದಂಬರಿಯ ವಸ್ತು ಮಹಾಭಾರತದ್ದು. ಗಾಲವನ ಗುರುದಕ್ಷಿಣೆಗೆ ಬೇಕಾದ 800 ಕುದುರೆಗಳಿಗಾಗಿ ಯಯಾತಿಯ ಮಗಳು ರಾಜರಿಂದ ರಾಜರಿಗೆ ಹಸ್ತಾಂತರವಾಗಿ, ಹೆತ್ತು ಕೊಟ್ಟು ಹೊರಡುವ ಕಥೆಯದು. ತನ್ನ ಒಡಲಿನ ಮೇಲೆ ತನಗೇ ಅಧಿಕಾರವಿಲ್ಲದ ಹೆಣ್ಣಿನ ಪಾಡು ಹೆರಿಗೆಯ ನೋವನ್ನು ಹತ್ತಿರದಿಂದ ಕಂಡ ವೈದ್ಯೆಯನ್ನು ಸೆಳೆದುದರಲ್ಲಿ ಅಚ್ಚರಿಯಿಲ್ಲ. ಅವರ 'ಋಣ' ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1984ರಲ್ಲಿ 'ಋಣ ಮುಕ್ತಳು' ಚಿತ್ರ ನಿರ್ದೇಶಿಸಿದರು. 12 ಸಂಪುಟಗಳ 'ದಿನಕ್ಕೊಂದು ಕಥೆ' ಮಕ್ಕಳ ಮನೆಮಾತಾಯಿತಲ್ಲದೆ 1978ರಲ್ಲಿ ಸೋವಿಯೆತ್ ಲ್ಯಾಂಡ್ ನೆಹರೂ ಪ್ರಶಸ್ತಿಯನ್ನೂ ತಂದಿತು.

ರೋಗಿಯ ಕುರ್ಚಿಯಲ್ಲಿ

ಕಾಯಿಲೆ ಅವರ ಮನೆಯನ್ನೂ ಬಿಡಲಿಲ್ಲ. 1970ರ ದಶಕದಲ್ಲಿ ನಿರಂಜನ ಪಾರ್ಶ್ವವಾಯುವಿಗೆ ತುತ್ತಾದರು. ಪತಿಯ ಶುಶ್ರೂಷೆ, ಇಬ್ಬರು ಹೆಣ್ಣುಮಕ್ಕಳ ಹೊಣೆ, ಬರವಣಿಗೆ ಇವೆಲ್ಲವನ್ನೂ ನಿಭಾಯಿಸುತ್ತಿದ್ದ ಅನುಪಮಾ ಮುಂದೆ ಸ್ವತಃ ಕ್ಯಾನ್ಸರ್‌ಗೆ ಗುರಿಯಾದರು. ಕ್ಯಾನ್ಸರ್ ಎಂಬ ಹೆಸರನ್ನೇ ಉಚ್ಚರಿಸಲು ಜನ ಅಂಜುತ್ತಿದ್ದ ದಿನಗಳಲ್ಲಿ ಆ ರೋಗವನ್ನು ಕುರಿತು 'ಕ್ಯಾನ್ಸರ್ ಜಗತ್ತು' ಎಂಬ ಕೃತಿಯನ್ನೂ ಅವರು ಕನ್ನಡಕ್ಕೆ ನೀಡಿದರು. 1991ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದಾಗ ಅವರಿಗೆ 56 ವರ್ಷ. ಅವರ ಹೆಸರಿನ ಪ್ರಶಸ್ತಿಯನ್ನು ಕರ್ನಾಟಕ ಲೇಖಕಿಯರ ಸಂಘ ಲೇಖಕಿಯರಿಗೆ ನೀಡುತ್ತ ಬಂದಿದೆ.

ವೈದ್ಯವಿಜ್ಞಾನ ಅಲ್ಲಿಂದೀಚೆಗೆ ಬಹುದೂರ ಸಾಗಿದೆ. ಅಂದಿನ ಪುಸ್ತಕಗಳ ಚಿಕಿತ್ಸಾ ವಿವರಗಳನ್ನು ಇಂದು ಯಥಾವತ್ತಾಗಿ ಅನುಸರಿಸುವಂತಿಲ್ಲ. ಆದರೆ ಆ ಬರವಣಿಗೆಯ ನಡೆ ಹಳೆಯದಾಗಿಲ್ಲ. ಪುಸ್ತಕದ ಹಿಂದೆ ಹೆಸರುಳ್ಳ, ಓದಿಕೊಂಡ, ಹೊಣೆ ಹೊತ್ತ ವೈದ್ಯೆಯೊಬ್ಬರು ನಿಂತಿದ್ದರು. ಮೊಬೈಲಿಗೆ ಬಂದು ಬೀಳುವ ಆರೋಗ್ಯ ಸಂದೇಶಕ್ಕೆ ಬಹುಪಾಲು ತಂದೆಯೂ ಇಲ್ಲ, ತಾಯಿಯೂ ಇಲ್ಲ. ಬರೆದವರು ಯಾರು, ಅವರ ಅರ್ಹತೆ ಏನು, ಮಾರಾಟಕ್ಕಿಟ್ಟ ಸರಕು ಅದರ ಹಿಂದಿದೆಯೇ, ವೈದ್ಯರನ್ನು ಕಾಣಬೇಕಾದ ಹೊತ್ತನ್ನು ಅದು ತಿಳಿಸುತ್ತದೆಯೇ ಎಂದು ವಿಚಾರಿಸುವುದು ಓದುಗನ ಮೊದಲ ಕರ್ತವ್ಯವಾಗಬೇಕಿದೆ. ಎದೆಯಲ್ಲಿ ಗಂಟೊಂದು ಕಂಡಾಗ ಅದು ಕ್ಯಾನ್ಸರ್ ಆಗಿರಲೇಬೇಕೆಂದಿಲ್ಲ. ಆದರೂ ಲೇಪ, ಕಷಾಯಗಳ ಸಂದೇಶ ನಂಬಿ ತಿಂಗಳುಗಟ್ಟಲೆ ತಡಮಾಡಿದರೆ ಗುಣವಾಗುವ ರೋಗವೂ ಕೈಮೀರಬಹುದು.

ಅಂದು ಹೆಣ್ಣುಮಕ್ಕಳ ಪ್ರಾಣಕ್ಕೆ ಎರವಾದದ್ದು ಮಾಹಿತಿಯ ಬರ. ಇಂದು ಅದರ ನೆರೆಯಲ್ಲೂ ಅಷ್ಟೇ ಅಪಾಯವಿದೆ. ಈ ನೆರೆಯಲ್ಲಿ ಕಾಳು ಜೊಳ್ಳುಗಳನ್ನು ಬೇರ್ಪಡಿಸುವ ವಿವೇಕ ಪ್ರತಿ ಮನೆಯಲ್ಲೂ ಮೂಡಿದರೆ, ತೀರ್ಥಹಳ್ಳಿಯ ಆ ವೈದ್ಯೆಯ ಶ್ರಮ ಸಾರ್ಥಕವಾದೀತು.