ಗಣಿ ಕಾರ್ಮಿಕರಿಗೆ ಅಕ್ಷರದ ಬೆಲೆ ತಿಳಿಸಿದ ಪಂಡಿತ ಅಯೋತಿದಾಸರು

ಕೋಲಾರ ಚಿನ್ನದ ಗಣಿ ಪ್ರದೇಶದ ಇತಿಹಾಸವೆಂದರೆ ಬರೀ ಚಿನ್ನದ ಇತಿಹಾಸವಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಆರಂಭಿಸಿದ ನಂತರ ತಮಿಳು ಜಿಲ್ಲೆಗಳಿಂದ ಸಾವಿರಾರು ಬಡ ದಲಿತ ಕುಟುಂಬಗಳು ಬಂದು ನೆಲೆಸಿದವು. ಅವರಿಗೆ ಕೂಲಿ ಸಿಕ್ಕಿತು, ಆದರೆ ಜಾತಿಯ ಅವಮಾನ ಬೆನ್ನು ಬಿಡಲಿಲ್ಲ. ತಲೆ ಎತ್ತಿ ಬದುಕುವ ದಾರಿಯನ್ನು ಅವರಿಗೆ ತೋರಿಸಿದವರಲ್ಲಿ ಪಂಡಿತ ಅಯೋತಿದಾಸರು ಪ್ರಮುಖರು.

1845ರ ಮೇ 20ರಂದು ಮದ್ರಾಸ್ ಪ್ರಾಂತ್ಯದಲ್ಲಿ ಜನಿಸಿದ ಇವರ ಮೊದಲ ಹೆಸರು ಕಾತವರಾಯನ್. ವಿದ್ಯೆ ಕಲಿಸಿದ ಗುರುವಿನ ಮೇಲಿನ ಗೌರವದಿಂದ ಅವರ ಹೆಸರನ್ನೇ ತಮ್ಮದಾಗಿಸಿಕೊಂಡರು. ವೃತ್ತಿಯಲ್ಲಿ ಸಿದ್ಧ ವೈದ್ಯರು. 1891ರಲ್ಲಿ ದ್ರಾವಿಡ ಮಹಾಜನ ಸಭೆಯನ್ನು ಸ್ಥಾಪಿಸಿ, ಅದೇ ವರ್ಷ ನೀಲಗಿರಿಯಲ್ಲಿ ಸಮ್ಮೇಳನ ನಡೆಸಿ, ದಲಿತರಿಗೆ ಶಿಕ್ಷಣ, ಸರ್ಕಾರಿ ಉದ್ಯೋಗ, ಸಾರ್ವಜನಿಕ ಬಾವಿ-ಕೆರೆಗಳ ಬಳಕೆಯ ಹಕ್ಕು ಬೇಕೆಂದು ಒತ್ತಾಯಿಸಿದರು. ಮನವಿಗಳಿಂದ ಮಾತ್ರ ಸಮಾನತೆ ಬಾರದೆಂದು ಮನಗಂಡು, 1898ರಲ್ಲಿ ಕರ್ನಲ್ ಆಲ್ಕಾಟ್ ಅವರ ನೆರವಿನಿಂದ ಶ್ರೀಲಂಕೆಗೆ ತೆರಳಿ ಬೌದ್ಧ ಧರ್ಮ ಸ್ವೀಕರಿಸಿದರು. ಹಿಂದಿರುಗಿ ಮದ್ರಾಸಿನ ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘವನ್ನು ಕಟ್ಟಿದರು. ಡಾ. ಅಂಬೇಡ್ಕರ್ ಅವರು ಬೌದ್ಧ ದೀಕ್ಷೆ ಪಡೆದದ್ದು 1956ರಲ್ಲಿ, ಅಂದರೆ 58 ವರ್ಷಗಳ ನಂತರ, ಎಂಬುದನ್ನು ಇಲ್ಲಿ ನೆನೆಯಬೇಕು.

1907ರ ಜೂನ್ 19ರಂದು ಪಂಡಿತರು 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ಆರಂಭಿಸಿದರು. ಮರುವರ್ಷ ಅದರ ಹೆಸರು 'ತಮಿಳನ್' ಎಂದಾಯಿತು. ಬಡವನೂ ಕೊಂಡು ಓದಬಹುದಾದ ಆ ಪತ್ರಿಕೆಗೆ ನಮ್ಮ ಗಣಿ ಪ್ರದೇಶದಲ್ಲಿ ಓದುಗರೂ ಪೋಷಕರೂ ದೊರೆತರು. ಓದು ಬಾರದವರು ಓದುವವರಿಂದ ಕೇಳಿ ತಿಳಿದರು. ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ ಸಂಘದ ಶಾಖೆಗಳು ಬೆಳೆದವು.

1914ರ ಮೇ 5ರಂದು ಪಂಡಿತರು ನಿಧನರಾದರು. ನಾಯಕ ಹೋದೊಡನೆ ಚಳವಳಿ ಕರಗುವುದೇ ಹೆಚ್ಚು. ಇಲ್ಲಿ ಹಾಗಾಗಲಿಲ್ಲ. ಗಣಿಯವರೇ ಅವರ ಗ್ರಂಥಗಳನ್ನು ಸಿದ್ಧಾರ್ಥ ಪುಸ್ತಕಾಲಯದ ಮೂಲಕ ಅಚ್ಚು ಹಾಕಿಸಿದರು. ನಿಂತುಹೋಗಿದ್ದ 'ತಮಿಳನ್' 1926ರಲ್ಲಿ ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಈ ಗಣಿ ಪ್ರದೇಶದಿಂದಲೇ ಮತ್ತೆ ಹೊರಬಂದಿತು.

ವಿದ್ಯಾರ್ಥಿ ಮಿತ್ರರೇ, ಸಾವಿರಾರು ಅಡಿ ಆಳದಲ್ಲಿ ಬೆವರು ಸುರಿಸಿದವರು ತಮ್ಮ ಅಲ್ಪ ಕೂಲಿಯಲ್ಲೇ ಪತ್ರಿಕೆಗೂ ಪುಸ್ತಕಕ್ಕೂ ಕಾಸು ಎತ್ತಿಟ್ಟರು. 2001ರಲ್ಲಿ ಗಣಿಗಳು ಮುಚ್ಚಿದವು. ಅಗೆದ ಚಿನ್ನವೆಲ್ಲ ಬೇರೆಯವರ ಪಾಲಾಯಿತು. ಓದಿನ ಮೇಲಿನ ಆ ಹಂಬಲವಾದರೂ ಈ ಊರಿನ ಮಕ್ಕಳ ಸ್ವತ್ತಾಗಿ ಉಳಿಯಲಿ.