ವಿಮಾನದ ಸದ್ದಿನ ಲೆಕ್ಕ ಬರೆದ ಲೈಟ್‌ಹಿಲ್

ನೇವಿಯರ್-ಸ್ಟೋಕ್ಸ್ ಸಮೀಕರಣ ಅಂದ್ರೆ ಪರೀಕ್ಷೆ ಮುಗಿದ ದಿನವೇ ಮರೆಯೋದು ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಅದೇ ಹರಿವಿನ ಸಮೀಕರಣಗಳನ್ನು ಬೇರೆ ಥರ ಜೋಡಿಸಿ, ಜೆಟ್ ಯಾಕೆ ಅಷ್ಟು ಗದ್ದಲ ಮಾಡುತ್ತೆ ಅಂತ ತೋರಿಸಿದವರು ಸರ್ ಜೇಮ್ಸ್ ಲೈಟ್‌ಹಿಲ್.

ಹುಟ್ಟಿದ್ದು 1924ರಲ್ಲಿ, ಪ್ಯಾರಿಸ್‌ನಲ್ಲಿ. ಓದಿದ್ದು ಇಂಗ್ಲೆಂಡಿನ ವಿಂಚೆಸ್ಟರ್ ಶಾಲೆಯಲ್ಲಿ. ಫ್ರೀಮನ್ ಡೈಸನ್ ಅಲ್ಲಿ ಇವರ ಗೆಳೆಯ. 15ಕ್ಕೇ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನ ಸ್ಕಾಲರ್‌ಶಿಪ್, 26ಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಪ್ರೊಫೆಸರ್. ನಮಗೆ ಆ ವಯಸ್ಸಿಗೆ ಬ್ಯಾಕ್‌ಲಾಗ್ ಎಲ್ಲ ಕ್ಲಿಯರ್ ಆಗಿದ್ರೆ ಸಾಕು!

1952ರಲ್ಲಿ ಕಾಮೆಟ್ ಅನ್ನೋ ಜೆಟ್ ವಿಮಾನ ಮೊದಲ ಸಲ ಪ್ರಯಾಣಿಕರನ್ನು ಹೊತ್ತು ಹಾರಿತು. ಲೈಟ್‌ಹಿಲ್ ಅವರ ಪ್ರಬಂಧ ಬಂದಿದ್ದೂ ಅದೇ ವರ್ಷ. ವೀಣೆಯಲ್ಲಿ ತಂತಿ ನಡುಗುತ್ತೆ, ತಬಲಾದಲ್ಲಿ ಚರ್ಮ ನಡುಗುತ್ತೆ. ಜೆಟ್‌ನಲ್ಲಿ ನಡುಗೋಕೆ ಏನಿದೆ? ಬರೀ ಗಾಳಿ. ಅವರು ಸಮೀಕರಣದ ಎಡಕ್ಕೆ ನಿಂತ ಗಾಳಿಯಲ್ಲಿ ಸಾಗುವ ಶಬ್ದದ ತರಂಗವನ್ನಿಟ್ಟು, ಮಿಕ್ಕಿದ್ದನ್ನೆಲ್ಲ ಬಲಕ್ಕೆ ತಳ್ಳಿದರು. ಆ ಬಲಭಾಗವೇ, ಅಂದರೆ ಗಾಳಿಯ ಸುಳಿಗಳೇ, ಸದ್ದಿನ ಮೂಲ. ಅದರಿಂದ ಹೊರಬಂದ ನಿಯಮ: ಸದ್ದಿನ ಪವರ್ ಜೆಟ್ ವೇಗದ ಎಂಟನೇ ಘಾತದ ಹಾಗೆ ಏರುತ್ತೆ. ವೇಗ ಅರ್ಧ ಮಾಡಿದರೆ ಸದ್ದು 256ರಲ್ಲಿ ಒಂದು ಪಾಲು, ಅಂದ್ರೆ 24 ಡೆಸಿಬಲ್ ಕಡಿಮೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವ ದೊಡ್ಡ ಟರ್ಬೋಫ್ಯಾನ್‌ಗಳು ಬಂದಿದ್ದು ಮುಖ್ಯವಾಗಿ ಇಂಧನ ಉಳಿಸೋಕೆ. ಆದರೆ ಸದ್ದು ಇಳಿದಿದ್ದು ಈ ನಿಯಮದಿಂದಲೇ.

ಲ್ಯಾಂಡಿಂಗ್ ಕಥೆ ಬೇರೆ. ಆಗ ಎಂಜಿನ್ ತಗ್ಗಿರುತ್ತೆ. ಚಕ್ರ, ಫ್ಲ್ಯಾಪ್, ಸ್ಲ್ಯಾಟ್‌ಗಳಿಗೆ ಗಾಳಿ ಬಡಿದು ಸದ್ದಾಗುತ್ತೆ. ಮ್ಯಾಂಚೆಸ್ಟರ್‌ನಲ್ಲೇ ಇದ್ದ ಕರ್ಲ್ 1955ರಲ್ಲಿ ಲೈಟ್‌ಹಿಲ್ ಲೆಕ್ಕಕ್ಕೆ ಗಟ್ಟಿ ಮೇಲ್ಮೈಯನ್ನೂ ಸೇರಿಸಿದರು; ಅಲ್ಲಿ ಸಿಕ್ಕಿದ್ದು ಆರನೇ ಘಾತ. ಶೇ. 10ರಷ್ಟು ನಿಧಾನ ಮಾಡಿದರೂ 3 ಡೆಸಿಬಲ್ ಕೂಡ ಉಳಿಯಲ್ಲ. ಇನ್ನೂ ನಿಧಾನ ಮಾಡೋಣ ಅಂದ್ರೆ ಫ್ಲ್ಯಾಪ್ ಇನ್ನಷ್ಟು ಇಳಿಸಬೇಕು, ಅದೇ ಮತ್ತೆ ಗದ್ದಲ! ಅದಕ್ಕೇ ಈಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಬದಲು ಎತ್ತರದಿಂದ ಒಂದೇ ಸಮನೆ ಜಾರೋದು, ಚಕ್ರವನ್ನು ತಡವಾಗಿ ಬಿಡೋದು ಇಂಥ ಉಪಾಯಗಳು.

1959ರಿಂದ 1964ರವರೆಗೆ ಲೈಟ್‌ಹಿಲ್ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯ ನಿರ್ದೇಶಕರು. ಕಾಂಕಾರ್ಡ್‌ಗೆ ಬೇಕಾದ ಸಂಶೋಧನೆ ಅಲ್ಲೂ ನಡೀತು. ಎಂಟನೇ ಘಾತ ಕಂಡುಹಿಡಿದವರ ಕಣ್ಣೆದುರೇ ಅಷ್ಟು ಗದ್ದಲದ ವಿಮಾನ ರೂಪ ಪಡೀತಿತ್ತು ಅನ್ನೋದು ನಮಗಂತೂ ವಿಚಿತ್ರ ಅನ್ಸುತ್ತೆ.

1969ರಲ್ಲಿ ಡಿರಾಕ್ ಕೂತಿದ್ದ ಲುಕೇಶಿಯನ್ ಪೀಠಕ್ಕೆ ಬಂದರು. ಇವರ ನಂತರ ಅಲ್ಲಿ ಕೂತವರು ಹಾಕಿಂಗ್. 1973ರಲ್ಲಿ ಎಐ ಸಂಶೋಧನೆಯನ್ನು ಟೀಕಿಸಿ ವರದಿ ಕೊಟ್ಟರು, ಬ್ರಿಟನ್‌ನಲ್ಲಿ ಅದಕ್ಕೆ ಸಿಗ್ತಿದ್ದ ಹಣವೂ ಕುಗ್ಗಿತು. (ಎಐ ಬ್ರಾಂಚ್ ಗೆಳೆಯರೇ, ಕ್ಷಮಿಸಿಬಿಡಿ.) ಅದೇ ವರ್ಷ ಇಂಗ್ಲಿಷ್ ಕಾಲುವೆಯ ಸಾರ್ಕ್ ದ್ವೀಪದ ಸುತ್ತ ಈಜಿದರು. ಹರಿಯುವುದನ್ನು ಹಾಳೆ ಮೇಲೆ ಲೆಕ್ಕ ಹಾಕಿದರಷ್ಟೇ ಅವರಿಗೆ ಸಾಲುತ್ತಿರಲಿಲ್ಲ. 1998ರ ಜುಲೈ 17ರಂದು, 74ರ ವಯಸ್ಸಿನಲ್ಲಿ, ಅದೇ ದ್ವೀಪವನ್ನು ಮತ್ತೊಮ್ಮೆ ಸುತ್ತುವಾಗ ಹೃದಯದ ಕವಾಟ ಹರಿದು ನೀರಲ್ಲೇ ತೀರಿಕೊಂಡರು.